ಹದಿನಾಲ್ಕನೇ ಕಂತು

ಆಗ ನಮ್ಮಲ್ಲಿ ಬೇಸಿಗೆ ಎಂದರೆ ಗಂಧಕದ ವಾಸನೆ. ತೆಲಸಂಗದ ಹೊರಗೆ ನಮ್ಮ ದ್ರಾಕ್ಷಿ ತೋಟ, ಅದರ ಅಂಚಿಗೆ ಒಣದ್ರಾಕ್ಷಿಯ ಶೆಡ್. ಸುತ್ತ ಹಸಿರು ಬಲೆ, ಒಳಗೆ ಒಂದರ ಮೇಲೊಂದು ಜಾಳಿಗೆಯ ಅಟ್ಟ. ಹಣ್ಣು ಒಣಗಿ ಮುದುಡಿದ ಮೇಲೆ ಹೊಂಬಣ್ಣ ಬರಲೆಂದು ಅಟ್ಟಗಳ ಸುತ್ತ ದಪ್ಪ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು, ಅದರ ಬುಡಕ್ಕೆ ಕಲ್ಲು ಹೇರಿ, ಒಳಗೆ ಗಂಧಕ ಸುಡುತ್ತಿದ್ದರು. ಸೂಟಿಯಲ್ಲಿ ನೀವು ಮಾವಿನ ಮರ ಹತ್ತಿರಬಹುದು. ನಾವು ಮೂಗು ಮುಚ್ಚಿಕೊಂಡು ಆಡಿದವರು.

ನನಗೆ ಹನ್ನೊಂದು ವರ್ಷ, ತಮ್ಮ ಶಿವುಗೆ ಆರು. ಹೀಗೆ ಬರೆದೆ, ಆದರೆ ಅವ್ವನ ಪ್ರಕಾರ ನನಗೆ ಹನ್ನೆರಡು ತುಂಬಿತ್ತು. ಒಂದು ವರ್ಷ ಕಡಿಮೆ ಮಾಡಿಕೊಂಡರೆ ನನಗೇ ಅನುಕೂಲ. ಈ ನೆನಪನ್ನು ಓದುವಾಗ ಅದು ನಿಮ್ಮ ಗಮನದಲ್ಲಿರಲಿ.

ಆ ವರ್ಷ ಮಿರಜದ ಮಾವ ಒಂದು ಮೆಮೊರಿ ಕಾರ್ಡ್ ತಂದುಕೊಟ್ಟ. ಅದರಲ್ಲಿ ಜಪಾನಿನ ಕಾರ್ಟೂನ್ ಧಾರಾವಾಹಿಯೊಂದರ ಹದಿನಾಲ್ಕು ಕಂತುಗಳಿದ್ದವು. ಮಾತೆಲ್ಲ ಹಿಂದಿ. ಅವ್ವನ ಫೋನಿನ ಬಿರುಕುಬಿಟ್ಟ ಗಾಜಿನಲ್ಲಿ, ನನ್ನ ಕಿವಿಗೊಂದು ಅವನ ಕಿವಿಗೊಂದು ಇಯರ್‌ಫೋನ್ ಹಾಕಿಕೊಂಡು, ಹೊರಸಿನ ಕೆಳಗೆ ಮಲಗಿ ನೋಡುತ್ತಿದ್ದೆವು. ಕೈಯಲ್ಲಿ ಹುರಿದ ಶೇಂಗಾ, ಬಾಯಿಗೆ ಹಾಕಲು ಮರೆತದ್ದು.

ಅದರಲ್ಲೊಂದು ಗುಡ್ಡದ ಊರು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಖಡ್ಗ ಹಿಡಿದ ಹುಡುಗ, ಅವನ ತಂಗಿ. ಅವರ ಬೆನ್ನು ಹತ್ತಿದ ದೆವ್ವಕ್ಕೆ ಮುಖವಿಲ್ಲ, ಬಾಯಿ ಮಾತ್ರ. ಅದು ಮನುಷ್ಯರನ್ನು ತಿನ್ನುವುದಿಲ್ಲ, ಹೆಸರನ್ನು ತಿನ್ನುತ್ತದೆ. ಹೆಸರು ಹೋದವನು ಮನೆಗೆ ಬಂದರೆ ಹೆತ್ತ ತಾಯಿಯೇ ಬಾಗಿಲಲ್ಲಿ ನಿಂತು, ಯಾರು ನೀನು ಎನ್ನುತ್ತಾಳೆ. ಹೊಡೆದಾಟ ಬಂದಾಗ ಶಿವು ಕುಣಿಯುತ್ತಿದ್ದ. ನನಗೆ ಭಯವಾಗುತ್ತಿದ್ದದ್ದು ಹೊಡೆದಾಟ ಇಲ್ಲದಾಗ. ಅರ್ಧ ಉಂಡು ಬಿಟ್ಟ ಅನ್ನದ ಬಟ್ಟಲು. ಹೊಸ್ತಿಲ ಹೊರಗೆ ಒಂದೇ ಕಾಲಿನ ಚಪ್ಪಲಿ. ಸಂಗೀತವೂ ನಿಂತುಬಿಡುತ್ತಿತ್ತು.

ಹದಿನಾಲ್ಕನೇ ಕಂತಿನಲ್ಲಿ ತಂಗಿ ಮಂಜಿನೊಳಗೆ ಸಿಕ್ಕಿಬೀಳುತ್ತಾಳೆ. ಹಳದಿ ಮಂಜು. ಒಳಗಿಂದ ದೆವ್ವ ಹೇಳುತ್ತದೆ: ಅವಳ ಹೆಸರು ಹಿಡಿದು ಕರೆದು ನೋಡು, ಕರೆದ ಕ್ಷಣಕ್ಕೆ ಅವಳು ನನ್ನವಳು. ಅಣ್ಣ ಬಾಯಿ ತೆರೆಯುತ್ತಾನೆ. ಕಂತು ಮುಗಿಯುತ್ತದೆ.

"ಮಾವಾ, ಮುಂದ ಏನಾತು?" ಎಂದು ಫೋನಿನಲ್ಲಿ ಕೇಳಿದೆ.

"ಪುಢಚಾ ಭಾಗ ಇನ್ನೂ ಬಂದಿಲ್ಲಬೇ. ಬಂದ್ರ ತರ್ತೀನಿ, ತಡೀರಿ."

ಜಪಾನಿನ ದೆವ್ವದ ಆ ಮಾತನ್ನು ನಾನು ನಂಬಿದ್ದಕ್ಕೆ ಕಾರಣ ನಮ್ಮ ಮನೆಯಲ್ಲೇ ಇತ್ತು. ಅವ್ವ ಎಂದೂ ಅಪ್ಪನ ಹೆಸರು ತೆಗೆದುಕೊಂಡವಳಲ್ಲ. ರೇಷನ್ ಕಾರ್ಡಿನವರು ಬಂದು ಯಜಮಾನರ ಹೆಸರು ಕೇಳಿದರೆ ನನ್ನ ಬೆನ್ನಿಗೆ ತಿವಿಯುವಳು: "ಹೇಳ, ನಿಮ್ಮಪ್ಪನ ಹೆಸರು." ನೀನೇ ಯಾಕೆ ಹೇಳುವುದಿಲ್ಲ ಎಂದರೆ, "ತಗೋಬಾರದು. ಆಯುಷ್ಯ ಕಡಿಮಿ ಆಕ್ಕೈತಿ." ಅಂದರೆ ಅವ್ವನಿಗೂ ಗೊತ್ತು. ಹೆಸರು ಕೇಳಿಸಿಕೊಳ್ಳಲು ಯಾರೋ ಕಾಯುತ್ತಿದ್ದಾರೆ.

ಅವತ್ತು ಮಧ್ಯಾಹ್ನ ಅಪ್ಪ ಗಂಧಕ ಹಚ್ಚಿ, ಹಾಳೆ ಬಿಗಿದು, "ಅದರ ಸನೇಕ ಹೋಗಬ್ಯಾಡ್ರಿ" ಎಂದು ಹೇಳಿ ತೋಟದ ಆ ಕೊನೆಗೆ ಟ್ರ್ಯಾಕ್ಟರ್ ಹೊಡೆಯಲು ಹೋದ. ಶಿವು ಅಪ್ಪನ ಟಾವೆಲ್ಲನ್ನು ಮೂಗಿಗೆ ಕಟ್ಟಿಕೊಂಡ. ಕೈಯಲ್ಲಿ ಕಬ್ಬಿನ ಜಲ್ಲೆ.

"ಅಕ್ಕಾ, ನಾ ಒಳಗ ಹೊಕ್ಕು ದೆವ್ವ ಕಡದು ಬರ್ತೀನಿ."

"ಹೋಗ, ನೋಡೂಣು. ಅಂಜುಬುರುಕ ನೀ."

ಈ ಕೊನೆಯ ಮಾತು ನಾನು ಹೇಳಿದ್ದು ಶಿವುಗೆ ನೆನಪಿಲ್ಲ. ನನಗಿದೆ.

ಅವನು ಒಂದು ಕಲ್ಲು ಸರಿಸಿ ಹಾಳೆಯ ಕೆಳಗೆ ನುಸುಳಿದ. ಹಾಳೆ ಮತ್ತೆ ಕೂತಿತು. ಮೊದಲು ನಗು ಕೇಳಿಸಿತು, ಆಮೇಲೆ ಕೆಮ್ಮು. ಆಮೇಲೆ ಕೆಮ್ಮೂ ಇಲ್ಲ. ಹಾಳೆಯ ಆಚೆ ಹಳದಿ ಹೊಗೆ. ಅವನಿಗೆ ದಾರಿ ತಪ್ಪಿದೆ, ಕರೆದರೆ ದನಿ ಬಂದ ಕಡೆಗೆ ಬರುತ್ತಾನೆ ಎಂದು ನನಗೆ ಗೊತ್ತಿತ್ತು. ಬಾಯಿ ತೆರೆದೆ. ಎರಡೂ ಕೈಯಿಂದ ಮುಚ್ಚಿಕೊಂಡೆ.

ಬುತ್ತಿ ಹೊತ್ತುಕೊಂಡು ಅವ್ವ ಬಂದಳು. "ಶಿವ್ಯಾ ಎಲ್ಲಿ ಅದಾನ?"

ನಾನು ತಲೆಯಲ್ಲಾಡಿಸಿದೆ.

"ನಿನ್ನ ಕೇಳಾಕತ್ತೀನಿ. ಶಿವ್ಯಾ ಎಲ್ಲಿ?"

"ಅವನ ಹೆಸರ ತಗೋಬ್ಯಾಡಬೇ!"

"ಹುಚ್ಚ ಹಿಡದೈತೇನ ನಿನಗ?"

ಅಷ್ಟರಲ್ಲಿ ಒಳಗಿನಿಂದ ಒಂದು ಅಂಗೈ ಹಾಳೆಗೆ ಒತ್ತಿತು. ಐದೂ ಬೆರಳು ಮೂಡಿದವು, ಮೆಲ್ಲಗೆ ಕೆಳಗೆ ಜಾರಿದವು.

ಬುತ್ತಿ ಬಿತ್ತು. ಅವ್ವ ಹಾಳೆ ಹಿಡಿದು ಜಗ್ಗಿದಳು, ಅದು ಹರಿಯಲಿಲ್ಲ. "ಏನ್ರೀ! ಏನ್ರೀ!" ಎಂದು ಕೂಗಿದಳು. ಟ್ರ್ಯಾಕ್ಟರಿನ ಸದ್ದು ಹಾಗೇ ಇತ್ತು. ಆಗ ಅವಳ ಎದೆಯಿಂದ, ನಾನು ಎಂದೂ ಕೇಳದ ದನಿಯಲ್ಲಿ, ಆ ಹೆಸರು ಬಂತು. "ಮಲ್ಲಪ್ಪಾ! ಏ ಮಲ್ಲಪ್ಪಾ!"

ಟ್ರ್ಯಾಕ್ಟರ್ ನಿಂತಿತು. ಅಪ್ಪ ಸಾಲುಗಳ ನಡುವೆ ಬಾಗಿ ಓಡಿ ಬಂದ, ಗೊನೆ ಕೊಯ್ಯುವ ಕತ್ತರಿಯಿಂದ ಹಾಳೆ ಸೀಳಿದ. ಶಿವುನ ಕಣ್ಣು ಊದಿ ಮುಚ್ಚಿದ್ದವು, ತುಟಿ ಬೂದಿ ಬಣ್ಣ. ಅವನು ವಾಂತಿ ಮಾಡಿ ಅಳಲು ಶುರುಮಾಡಿದಾಗ ಅವ್ವ ಸೆರಗಿನಿಂದ ಅವನ ಬಾಯಿ ಒರೆಸಿದಳು. ಬೈಕಿನ ಮೇಲೆ ಅಥಣಿಯ ಡಾಕ್ಟರರ ಹತ್ತಿರ ಹೋದರು, ಮೂರನೇ ದಿನ ಬಂದರು. ನನ್ನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆದರೆ ನನ್ನ ಭಯ ಮುಗಿಯಲಿಲ್ಲ, ಜಾಗ ಬದಲಿಸಿತು ಅಷ್ಟೇ. ಶಿವು ಬದುಕಿದ, ಆದರೆ ಅಪ್ಪನ ಹೆಸರು ಹೊಗೆಗೆ ಕೇಳಿಸಿಬಿಟ್ಟಿದೆ. ಎಷ್ಟೋ ವರ್ಷ, ಅಪ್ಪ ಬರುವುದು ತುಸು ತಡವಾದರೂ ನಾನು ಹೊಸ್ತಿಲಿನ ಚಪ್ಪಲಿ ನೋಡುತ್ತಿದ್ದೆ. ಎರಡೂ ಇವೆಯೇ ಎಂದು.

ನಾನು ಎಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದೆ? ನನಗೆ ಅದು ಇಡೀ ಮಧ್ಯಾಹ್ನ. ಅವ್ವ "ನಾ ಆಗಿಂದಾಗ ಬಂದೇನಲ್ಲ" ಎನ್ನುತ್ತಾಳೆ. ಆದರೆ ಅವಳ ಸಾಕ್ಷಿಯನ್ನು ಹೇಗೆ ನಂಬಲಿ? ಅಪ್ಪನನ್ನು ಹೆಸರು ಹಿಡಿದು ಕರೆದೆಯಲ್ಲ ಎಂದರೆ, "ನಾ ಎಂದ ತಗೊಂಡೇನಿ? ಬಾಯಿ ತೊಳಕೋ" ಎನ್ನುತ್ತಾಳೆ. ಅಪ್ಪ ಗೋಡೆಯ ಕಡೆ ಮುಖ ಮಾಡಿ ನಗುತ್ತಾನೆ. ಅಪ್ಪನಿಗೆ ಏನೂ ಆಗಿಲ್ಲ. ಗಂಧಕದ ಹೊಗೆ ಹಳದಿ ಇರುವುದಿಲ್ಲ, ಹಳದಿ ಇರುವುದು ಪುಡಿ ಮಾತ್ರ, ಎಂದು ಹೇಳಿದವನೂ ಅವನೇ.

ಆ ಧಾರಾವಾಹಿ ಇನ್ನೂ ಮುಗಿದಿಲ್ಲ, ವರ್ಷಕ್ಕಿಷ್ಟು ಬರುತ್ತಲೇ ಇದೆ. ಶಿವು ಈಗ ಚಿಕ್ಕೋಡಿಯಲ್ಲಿ ಕಲಿಯುತ್ತಾನೆ, ಒಂದೂ ಬಿಟ್ಟಿಲ್ಲ. ನಾನು ಹದಿನಾಲ್ಕಕ್ಕೇ ನಿಂತಿದ್ದೇನೆ. ಹೋದ ತಿಂಗಳು ಅವನನ್ನು ಕೇಳಿದೆ, ಮುಂದಿನ ಕಂತಿನಲ್ಲಿ ಅಣ್ಣ ಕರೆದನೇ?

"ಕರದಾ ಅಂತೀನಿ! ಗಂಟಲ ಹರಿಯೂಮಟ ಕರೀತಾನ. ಆ ದನಿ ಹಿಡದ ಆಕಿ ಹೊರಗ ಬರ್ತಾಳ. ದೆವ್ವ ಸುಳ್ಳ ಹೇಳಿತ್ತಕ್ಕಾ."

ಅವನು ನಗುತ್ತಿದ್ದ. ನಗುವಿನ ಕೊನೆಗೆ ಈಗಲೂ ಸಣ್ಣ ಕೆಮ್ಮು ಬರುತ್ತದೆ.

ಬೇಕಾದರೆ ನಾನೇ ನೋಡಿ ಖಾತ್ರಿ ಮಾಡಿಕೊಳ್ಳಬಹುದು. ನೋಡಿಲ್ಲ. ಕಳೆದುಕೊಂಡದ್ದನ್ನು ಮಾತ್ರ ಹೇಳಬಲ್ಲೆ. ಆ ಮಧ್ಯಾಹ್ನಕ್ಕೂ ಮೊದಲು ನಾನು ಅಂಗಳದಲ್ಲಿ ನಿಂತು "ಶಿವ್ಯಾss" ಎಂದು ಕೂಗಿದರೆ ತೋಟದ ಆಚೆಯ ಮನೆಯವರೂ ಓಗೊಡುತ್ತಿದ್ದರಂತೆ. ಈಗ ಅವನು ಪಕ್ಕದ ಕೋಣೆಯಲ್ಲಿದ್ದರೂ ಕರೆಯುವುದಿಲ್ಲ. ಎದ್ದು ಹೋಗಿ ಭುಜ ಮುಟ್ಟುತ್ತೇನೆ.