ಕೆಂಪಸಿದ್ದಯ್ಯನ ಕೆನ್ನೆಗಡ್ಡೆ

ದುದ್ದದ ಕೆಂಪಸಿದ್ದಯ್ಯನ ಓಲಗ ಸಿಗಲಿ ಅಂತ ಮದ್ದೂರು, ಮಳವಳ್ಳಿ ಕಡೆಯವರು ಮದುವೆಯ ದಿನವನ್ನೇ ಹಿಂದೆಮುಂದೆ ಮಾಡಿಕೊಳ್ಳುತ್ತಿದ್ದರು. ಮುಹೂರ್ತ ಇಟ್ಟ ಜೋಯಿಸರು ಗೊಣಗಿದರೆ ಗೊಣಗಲಿ, ಕೇಳುವವರು ಯಾರು! ಪಕ್ಕದಲ್ಲಿ ತಮ್ಮ ಸಿದ್ದರಾಮು ಶ್ರುತಿ ಹಿಡಿಯುತ್ತಿದ್ದ. ಶ್ರುತಿಯೆಂದರೆ ಒಂದೇ ಸ್ವರ. ಅಣ್ಣ ರಾಗದಲ್ಲಿ ಎಲ್ಲೆಲ್ಲಿ ಅಲೆದು ಬಂದರೂ ತಮ್ಮ ಇದ್ದಲ್ಲೇ ಇರಬೇಕು. ಮೀಸೆ ಮೂಡಿದಾಗಿನಿಂದ ಅವನದು ಅದೇ ಕೆಲಸ. ಅಪ್ಪ ಸತ್ತ ಮೇಲೆ ಅವನನ್ನು ಸಾಕಿ, ಮದುವೆ ಮಾಡಿದ್ದೂ ಅಣ್ಣನೇ.

ಎಪ್ಪತ್ತೆರಡನೇ ಇಸವಿಯಲ್ಲಿ ಕೆಂಪಸಿದ್ದಯ್ಯನ ಬಲಗಿವಿಯ ಕೆಳಗೆ ನೆಲ್ಲಿಕಾಯಿಯಷ್ಟು ಗಡ್ಡೆ ಎದ್ದಿತು. ಓಲಗದವರಿಗೆ ಕೆನ್ನೆ ಊದುವುದು ಇದ್ದದ್ದೇ. ಗಾಳಿ ಸೇರಿಕೊಂಡಿದೆ, ಇಳಿಯುತ್ತೆ ಅಂತ ಉಪ್ಪಿನ ಗಂಟು ಬಿಸಿಮಾಡಿ ಶಾಖ ಕೊಟ್ಟುಕೊಂಡ. ಅವರಪ್ಪನಿಗೂ ಹಾಗೇ ಇಳಿದಿತ್ತು. ಇದು ಇಳಿಯಬೇಕಲ್ಲ! ಒತ್ತಿದರೆ ಗಟ್ಟಿ. ಕೊನೆಗೆ ಹೆಂಡತಿ ಬೆಟ್ಟಮ್ಮ ಕೂಗಾಡಿ, ಮೈದುನನನ್ನು ಜೊತೆ ಮಾಡಿ, ಮೈಸೂರಿನ ಆಸ್ಪತ್ರೆಯೊಂದಕ್ಕೆ ಅಟ್ಟಿದಳು.

ಅಲ್ಲಿದ್ದದ್ದು ಕಸ್ತೂರಿರಂಗ ಅಂತ, ಇನ್ನೂ ಎಳೆ ವಯಸ್ಸಿನ ಡಾಕ್ಟರು. ಬಾಯೊಳಗೆ ಎಂಜಲು ಬರುವ ಸಣ್ಣ ಕಂಡಿ ಹುಡುಕಿ, ಅದರಲ್ಲಿ ಔಷಧಿ ಬಿಟ್ಟು ಎಕ್ಸ್‌ರೇ ತೆಗೆಸಿದರು. ಆಮೇಲೆ ಸೂಜಿ ಕೈಗೆತ್ತಿಕೊಂಡರು. ಗಡ್ಡೆಗೆ ಸೂಜಿ ಹಾಕುವ ಪರೀಕ್ಷೆ ಆಗಿನ್ನೂ ಹೊಸದು.

"ಸೂಜಿ ಸೋಕಿದ್ರೆ ಗಡ್ಡೆ ಕ್ಯಾನ್ಸರ್ ಆಯ್ತದಂತಲ್ಲಾ ಸೋಮಿ?" ಕೆಂಪಸಿದ್ದಯ್ಯ ಮುಖ ಹಿಂದಕ್ಕೆಳೆದುಕೊಂಡ.

"ಯಾರಪ್ಪಾ ಹೇಳಿದ್ದು? ಗಡ್ಡೆ ಎಲ್ಲಿದೆ ಅಂತ ಫೋಟೋದಲ್ಲಿ ಗೊತ್ತಾಗುತ್ತೆ. ಎಂಥದ್ದು ಅಂತ ತಿಳಿಯೋಕೆ ಸೂಜಿ ಬೇಕು," ಅಂದು ಡಾಕ್ಟರು ಒಂದಿಷ್ಟು ಎಳೆದುಕೊಂಡು ಗಾಜಿನ ಮೇಲೆ ಸವರಿದರು.

ಮುಂದಿನ ಸಲ ಹೋದಾಗ ಕೆಂಪಸಿದ್ದಯ್ಯನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಜೊತೆಯವನನ್ನು ಒಳಗೆ ಕರೆದರು. ಆಗೆಲ್ಲ ಹಾಗೇ, ದೊಡ್ಡ ಕಾಯಿಲೆಯ ಮಾತು ಕಾಯಿಲೆಯವನ ಮುಂದೆ ಆಡುತ್ತಿರಲಿಲ್ಲ. ಸಿದ್ದರಾಮು ಮುಖ ಇಳಿಬಿಟ್ಟುಕೊಂಡು ಹೊರಗೆ ಬಂದ.

"ಏನಂದ್ರುಲಾ?"

"ಪ್ರಾಣಕ್ಕೇನೂ ಇಲ್ವಂತೆ ಕಣಣ್ಣ. ಆದ್ರೆ ಇನ್ಮ್ಯಾಕೆ ಓಲಗ ಮುಟ್ಟಂಗಿಲ್ಲ. ಊದಿದ್ರೆ ಕ್ಯಾನ್ಸರ್ ಆಯ್ತದಂತೆ. ಕುಯ್ಯಂಗೂ ಇಲ್ಲ. ಮತ್ತೆ ಬರಾದೂ ಬ್ಯಾಡ, ಸುಮ್ಕೆ ಬುಟ್ಬುಡಿ ಅಂದ್ರು."

ಎತ್ತಿ ಆಡಿಸಿದ ತಮ್ಮನ ಮಾತನ್ನು ಯಾರಾದರೂ ಅನುಮಾನಿಸುತ್ತಾರೆಯೇ? ಮನೆಗೆ ಬಂದವನೇ ಓಲಗವನ್ನು ಒರೆಸಿ ತಮ್ಮನ ಕೈಗಿಟ್ಟ. "ಮನೆ ಎಸ್ರು ಉಳಿಸ್ಲಾ" ಅಂದ. ಅಷ್ಟಕ್ಕೇ ಬಿಟ್ಟನೇ ಪುಣ್ಯಾತ್ಮ! ತನಗೆ ಗೊತ್ತಿದ್ದ ರಾಗದ ಮರ್ಮವನ್ನೆಲ್ಲ ಕೂರಿಸಿಕೊಂಡು ಹೇಳಿಕೊಟ್ಟ. ಮದುವೆಗಳಲ್ಲಿ ಡೋಲಿನವನ ಹಿಂದೆ ಕೂತು ತಾಳ ಹಾಕಿದ. ಜನ ಸಿದ್ದರಾಮುವನ್ನು ಹೊಗಳಿದರೆ ಹಿರಿಹಿರಿ ಹಿಗ್ಗುತ್ತಿದ್ದ. ಮನೆಗೆ ಬಂದು ಗೋಡೆ ಕಡೆ ತಿರುಗಿ ಮಲಗಿ ಅಳುತ್ತಿದ್ದ. ಅದನ್ನು ನೋಡಿದವಳು ಬೆಟ್ಟಮ್ಮ ಒಬ್ಬಳೇ.

ಹೀಗೇ ಆರೇಳು ವರ್ಷ ಹೋಯಿತು. ಗಡ್ಡೆ ನಿಂಬೆಹಣ್ಣಿನಷ್ಟಾಗಿ, ಆಮೇಲೆ ಮೂಸಂಬಿಯಷ್ಟಾಯಿತು. ಒಂದು ಬೆಳಗ್ಗೆ ಬಾಯಿ ಮುಕ್ಕಳಿಸಿದರೆ ನೀರು ಬಲಗಡೆಯಿಂದ ತಾನಾಗಿ ಸೋರಿತು. ಆ ಕಡೆಯ ತುಟಿಗೆ ಹಿಡಿತವೇ ಇಲ್ಲ. ಸಿದ್ದರಾಮು ಬೆಸಗರಹಳ್ಳಿಯ ಮದುವೆಗೆ ಹೋಗಿದ್ದ. ಬೆಟ್ಟಮ್ಮ ಕಾಯಲಿಲ್ಲ, ಗಂಡನನ್ನು ಬಸ್ಸು ಹತ್ತಿಸಿ ತಾನೇ ಮೈಸೂರಿಗೆ ಕರೆದೊಯ್ದಳು.

ಅದೇ ಡಾಕ್ಟರು. ಗಡ್ಡೆ ನೋಡಿ ಕೆಂಡವಾದರು.

"ಇಷ್ಟು ವರ್ಷ ಎಲ್ಲಿ ಹೋಗಿದ್ರಿ? ಸಾದಾ ಗಡ್ಡೆ, ಬಿಟ್ಟರೆ ಕೆಡಬಹುದು, ಈಗಲೇ ತೆಗೆಸಿ ಅಂತ ನಿಮ್ಮ ತಮ್ಮನಿಗೆ ಹೇಳಿದ್ದೆನಲ್ರೀ! ಗಾಯ ಮಾಗಿದ ಮೇಲೆ ಊದಬಹುದು ಅಂತಲೂ ಹೇಳಿದ್ದೆ. ಆತ ಅದನ್ನೇ ಎರಡೆರಡು ಸಾರಿ ಕೇಳಿದ್ದ."

ಮತ್ತೆ ಎಕ್ಸ್‌ರೇ, ಮತ್ತೆ ಸೂಜಿ. ಈ ಸಲ ಡಾಕ್ಟರು ಗಂಡ ಹೆಂಡತಿಯನ್ನು ಎದುರಿಗೇ ಕೂರಿಸಿಕೊಂಡು ಹೇಳಿದರು. ಗಡ್ಡೆ ಕೆಟ್ಟಿದೆ. ತೆಗೆಯಬೇಕು. ಕೆನ್ನೆ ಆಡಿಸುವ ನರವೂ ಅದರ ಜೊತೆಗೇ ಹೋಗುತ್ತದೆ. "ಜೀವ ಉಳಿಸೋಕೆ ನೋಡ್ತೀನಿ. ಓಲಗದ ಆಸೆ ಬಿಟ್ಟುಬಿಡಿ."

ಊರಿಗೆ ಬಂದಾಗ ಸಿದ್ದರಾಮು ಜಗಲಿಯ ಮೇಲೆ ಕೂತು ಓಲಗಕ್ಕೆ ಎಣ್ಣೆ ಸವರುತ್ತಿದ್ದ.

"ಡಾಕ್ಟ್ರು ಅವತ್ತು ಏನಂದಿದ್ರುಲಾ?"

ಸಿದ್ದರಾಮುವಿನ ಕೈ ನಿಂತಿತು. "ಒಂದು ಮದ್ವೆ ಸುಗ್ಗಿ ಊದ್ಬುಟ್ಟು ಆಮ್ಯಾಕೆ ಯೋಳಾನ ಅಂತಿದ್ದೆ ಕಣಣ್ಣ. ಒಂದೇ ಒಂದು. ನಿನ್ ಪಕ್ಕ ಸ್ರುತಿ ಇಡ್ಕಂಡೇ ಸಾಯ್ಬೇಕಿತ್ತಾ ನಾನು? ಆಮ್ಯಾಕೆ ಜನ ನನ್ನೂ ಕರಿಯಕ್ ಸುರು ಮಾಡುದ್ರು. ಯೋಳಕ್ಕೆ ಬಾಯೇ ಬರ್ನಿಲ್ಲ."

"ನಿನ್ ಬಾಯ್ಗೆ ಮಣ್ಣಾಕ!" ಬೆಟ್ಟಮ್ಮ ಎದೆ ಬಡಿದುಕೊಂಡಳು.

ಕೆಂಪಸಿದ್ದಯ್ಯ ಅವಳನ್ನು ತಡೆದ. ತಮ್ಮನ ಮೇಲೆ ಕೈ ಎತ್ತಲಿಲ್ಲ. ಎತ್ತುವ ತ್ರಾಣವೂ ಇರಲಿಲ್ಲ.

"ಕೇಳಿದ್ರೆ ಓಲಗ ಕೊಟ್ಬುಡ್ತಿದ್ನಲ್ಲೋ, ಪಾಪಿ," ಅಂದ. "ಕೆನ್ನೆನೂ ಯಾಕ್ಲಾ ತಕ್ಕಂಡೆ?"

ಸೊಟ್ಟಬಾಯಿಯಲ್ಲಿ ಮಾತು ತೊದಲಿ, ಎಂಜಲು ಗದ್ದದ ಮೇಲೆ ಇಳಿಯಿತು. ತಮ್ಮನಿಗೆ ತಿಳಿಯಲಿಲ್ಲವೇನೋ ಅಂತ, ಒರೆಸಿಕೊಂಡು ಇನ್ನೊಮ್ಮೆ ಹೇಳಿದ.