ಮಂಗಳವಾರ ಮೂರು ಗಂಟೆಯ ಓದು

ಗ್ರಂಥಾಲಯಕ್ಕೆ ಸಹಾಯಕಿಯಾಗಿ ಸೇರಿದ ವಾರದೊಳಗೇ ಅವಳಿಗೆ ಮೈಕಕ್ಕ ಎಂಬ ಹೆಸರು ಬಿತ್ತು. ಇಟ್ಟವರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಪತ್ರಿಕೆ ಓದುವ ಮೇಜಿನ ಸುತ್ತ ಕೂರುತ್ತಿದ್ದ ನಿವೃತ್ತರಲ್ಲೇ ಯಾರೋ ಒಬ್ಬರಿರಬೇಕು. ಅವರದೂ ತಪ್ಪಲ್ಲ. ಹದಿನಾಲ್ಕು ವರ್ಷ ನೇಯ್ಗೆ ಗಿರಣಿಯಲ್ಲಿ, ಮಗ್ಗಗಳ ಗದ್ದಲದ ನಡುವೆ ದುಡಿದ ಹೆಂಗಸು ಅವಳು. ಪಕ್ಕದಲ್ಲೇ ನಿಂತವಳಿಗೆ ದಾರ ತುಂಡಾಯಿತು ಎಂದು ಹೇಳಬೇಕಾದರೂ ಅಲ್ಲಿ ಗಂಟಲು ಹರಿಯುವಂತೆ ಕೂಗಬೇಕಿತ್ತು. ಗಿರಣಿ ಮುಚ್ಚಿ ಕೆಲಸ ಹೋಯಿತು, ದನಿ ಮಾತ್ರ ಉಳಿಯಿತು.

ಗ್ರಂಥಪಾಲಕರೋ ಸಣಕಲು ಮನುಷ್ಯ. ಅವರ ಮಾತು ಕೇಳಬೇಕಾದರೆ ಕಿವಿಯನ್ನು ಅವರ ಬಾಯಿಯ ಹತ್ತಿರ ಒಯ್ಯಬೇಕಿತ್ತು.

"ಸ್ವಲ್ಪ ಮೆಲ್ಲಗೆ ಮಾತಾಡಿ ಅಮ್ಮ," ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು.

"ಮೆಲ್ಲಗೇ ಮಾತಾಡ್ತಿದೀನಿ ಸಾರ್," ಎಂದು ಅವಳು ಕೊಡುತ್ತಿದ್ದ ಉತ್ತರ ಎದುರು ಸಾಲಿನ ಚಪ್ಪಲಿ ಅಂಗಡಿಗೂ ಕೇಳುತ್ತಿತ್ತು.

ಹೀಗಾಗಿ ಮೊದಲ ಆರು ತಿಂಗಳನ್ನು ಬಾಯಿಗೆ ಬೀಗ ಹಾಕಿಕೊಂಡೇ ಕಳೆದಳು. ಬೆಳಿಗ್ಗೆ ಕಸ ಗುಡಿಸಿ ಕಿಟಕಿ ತೆರೆಯುವುದು, ಪತ್ರಿಕೆಗಳ ಹಾಳೆ ಚೆಲ್ಲಾಪಿಲ್ಲಿಯಾಗದಂತೆ ಮಡಿಕೆಯ ಮೇಲೆ ಸೂಜಿದಾರದಿಂದ ಹೊಲಿದು ಮೇಜಿಗೆ ಹಾಕುವುದು, ವಾಪಸು ಬಂದ ಪುಸ್ತಕಗಳನ್ನು ಬೆನ್ನಿನ ನಂಬರು ನೋಡಿ ಕಪಾಟಿಗೆ ಸೇರಿಸುವುದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನಂಬರು ನೋಡುತ್ತಿದ್ದಳೇ ಹೊರತು ಪುಸ್ತಕ ಬಿಡಿಸಿದವಳಲ್ಲ.

ಪತ್ರಿಕೆಯ ಮೇಜಿಗೆ ದಿನವೂ ಬರುತ್ತಿದ್ದವರಲ್ಲಿ ನಿವೃತ್ತ ಬಸ್ ಚಾಲಕನೊಬ್ಬನಿದ್ದ. ಎಲ್ಲರೂ ಅವನನ್ನು ಡ್ರೈವರಣ್ಣ ಎನ್ನುತ್ತಿದ್ದರು. ಹತ್ತು ಗಂಟೆಗೆ ಬಂದು ಕಿಟಕಿಯ ಪಕ್ಕದ ಕುರ್ಚಿ ಹಿಡಿದರೆ ಊಟದ ಹೊತ್ತಿನವರೆಗೆ ಏಳುತ್ತಿರಲಿಲ್ಲ. ಒಂದು ದಿನ ನೆಲ ಒರೆಸುತ್ತ ಹತ್ತಿರ ಹೋದಾಗ ಅವಳ ಕಣ್ಣಿಗೆ ಬಿತ್ತು: ಡ್ರೈವರಣ್ಣ ಹಿಡಿದಿದ್ದ ಪತ್ರಿಕೆ ತಲೆಕೆಳಗಾಗಿತ್ತು.

ಅವಳು ಪತ್ರಿಕೆಯನ್ನು ತೆಗೆದುಕೊಂಡು ನೆಟ್ಟಗೆ ಮಾಡಿ ಕೈಗಿತ್ತಳು. ಡ್ರೈವರಣ್ಣನ ಮುಖ ಕೆಂಪಾಯಿತು.

"ಎರಡು ಕಣ್ಣಿಗೂ ಪೊರೆ ಬಂದಿದೆ ಕಣಮ್ಮ. ಬರೀ ಕೈಲಿ ಕೂತ್ರೆ ಎಬ್ಬಿಸಿ ಕಳಿಸ್ತಾರೆ ಅಂತ ಹಿಡ್ಕೊಂಡಿದ್ದೆ."

"ಮನೇಲಿ ಯಾರೂ ಓದಿ ಹೇಳಲ್ವಾ?"

"ಅವರವರ ಕೆಲಸ ಅವರವರಿಗೆ."

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಪಕ್ಕದಲ್ಲಿ ಕೂತಳು. ಹಳ್ಳದ ಸೇತುವೆ ಕುಸಿದು ಎರಡು ಊರುಗಳ ನಡುವೆ ಬಸ್ಸು ನಿಂತ ಸುದ್ದಿಯನ್ನು ತನ್ನ ಮಟ್ಟಿಗೆ ಪಿಸುಗುಟ್ಟುತ್ತ ಓದತೊಡಗಿದಳು. ಮುಗಿಸಿ ತಲೆಯೆತ್ತಿದರೆ ಇಡೀ ಕೋಣೆ ಅವಳನ್ನೇ ನೋಡುತ್ತಿತ್ತು. ಯಾರೂ ಹಾಳೆ ಮಗುಚುತ್ತಿರಲಿಲ್ಲ. ಬಾಗಿಲಲ್ಲಿ ಗ್ರಂಥಪಾಲಕರು ನಿಂತಿದ್ದರು. ಕೆಲಸ ಹೋಯಿತೆಂದೇ ಅವಳು ಪತ್ರಿಕೆ ಮಡಿಸಿಟ್ಟು ಎದ್ದಳು. ಅವರು ತಿರುಗಿ ಒಳಗೆ ಹೋದರು.

ಮರುದಿನ ಕರೆದು, "ಹಿಂದಿನ ಕೋಣೇಲಿರೋ ಮುರುಕು ಕುರ್ಚಿಗಳನ್ನ ಹೊರಗೆ ಹಾಕ್ಸಿ," ಎಂದರು. ಸಂಜೆಯ ಹೊತ್ತಿಗೆ ಫಲಕದ ಮೇಲೆ ಅವರದೇ ಅಕ್ಷರದಲ್ಲಿ ಹೀಗೆ ಬರೆದಿತ್ತು: ಪ್ರತಿ ಮಂಗಳವಾರ ಮಧ್ಯಾಹ್ನ ಮೂರಕ್ಕೆ ಗಟ್ಟಿಯಾಗಿ ಓದು. ಕೇಳುವವರೆಲ್ಲ ಬನ್ನಿ.

"ಓದೋದು ಯಾರು ಸಾರ್?" ಎಂದು ಕೇಳಿದಳು.

"ನಾನು ಓದಿದ್ರೆ ಯಾರಿಗೆ ಕೇಳ್ಸುತ್ತೆ?" ಎಂದರು ಗ್ರಂಥಪಾಲಕರು. ಅವರು ತಮಾಷೆ ಮಾಡಿದ್ದನ್ನು ಅವಳು ಕಂಡದ್ದು ಅದೊಂದೇ ಸಲ.

ಮೊದಲ ಮಂಗಳವಾರ ಬಂದವರು ಮೂರೇ ಜನ. ಡ್ರೈವರಣ್ಣ, ಬಿಸಿಲಿಗೆ ಒಳಗೆ ಬಂದು ಕೂತ ಒಬ್ಬ ಹೂಕುಂಡ ಮಾರುವವಳು, ಮತ್ತೆ ಟೀಚರಮ್ಮ. ಟೀಚರಮ್ಮ ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಕಿವಿ ಮಂದ. ಮೈಕಕ್ಕ ಒಂದು ಸಣ್ಣ ಕಥೆ ಹಿಡಿದು ಕೂತಳು. ಎರಡು ಸಾಲು ದಾಟಿರಲಿಲ್ಲ, ಟೀಚರಮ್ಮನ ಕೈ ಮೇಲೆದ್ದಿತು.

"ಹಕಾರ ನುಂಗಬೇಡ. ಇನ್ನೊಂದ್ಸಲ ಓದು."

ಮತ್ತೆ ಎರಡು ಸಾಲಿಗೆ, "ಅಲ್ಲಿ ಒತ್ತಕ್ಷರ ಇದೆ. ಅದೇನು ಅಲಂಕಾರಕ್ಕೆ ಇಟ್ಟಿದಾರಾ?"

ನಾಲ್ಕು ಪುಟದ ಕಥೆ ಮುಗಿಯುವಾಗ ಮೈಕಕ್ಕನ ಕಣ್ಣಲ್ಲಿ ನೀರು ತುಂಬಿತ್ತು. ಇನ್ನು ಜನ್ಮದಲ್ಲಿ ಓದುವುದಿಲ್ಲ ಎಂದುಕೊಂಡು ಹಜಾರಕ್ಕೆ ಬಂದರೆ ಟೀಚರಮ್ಮ ಹಿಂದೆಯೇ ಬಂದು ತೋಳು ಹಿಡಿದರು.

"ಬೇಜಾರಾಯ್ತಾ? ನೋಡು, ಹತ್ತು ವರ್ಷದಿಂದ ಯಾರು ಓದಿದ್ದೂ ನನ್ನ ಕಿವಿಗೆ ಬಿದ್ದಿರಲಿಲ್ಲ. ನಿಂದು ಬಿತ್ತು. ಅದಕ್ಕೇ ತಪ್ಪು ಹಿಡಿದೆ."

ಅಂದಿನಿಂದ ಮೈಕಕ್ಕ ಮಂಗಳವಾರದ ಪುಟಗಳನ್ನು ಮನೆಗೆ ಒಯ್ಯತೊಡಗಿದಳು. ಮಗಳು ಆಗ ಒಂಬತ್ತನೇ ಕ್ಲಾಸು. ಬೆಳಿಗ್ಗೆ ಅವಳಿಗೆ ಜಡೆ ಹಾಕುತ್ತ, ಪುಸ್ತಕವನ್ನು ಅವಳ ತೊಡೆಯ ಮೇಲೆ ಬಿಡಿಸಿಟ್ಟು ಗೊತ್ತಿಲ್ಲದ ಪದಗಳನ್ನು ಕೇಳುವಳು. ಪದ ಕಷ್ಟವಾದಷ್ಟೂ ಕೈ ಬಿಗಿಯಾಗುತ್ತಿತ್ತು.

"ಸಂಕೀರ್ಣ ಅಂದ್ರೇನೇ?"

"ಈಗ ನನ್ನ ಕೂದಲಿಗೆ ನೀನು ಮಾಡಿರೋದು ಅಮ್ಮ. ಎಳೀಬೇಡ."

ಗಂಡ ಮೂಲೆಯಲ್ಲಿ ಕೂತು ಶೂ ಲೇಸು ಕಟ್ಟುತ್ತ ನಗುತ್ತಿದ್ದ. ಅವನಿಗೆ ಗೋದಾಮಿನಲ್ಲಿ ಕಾವಲು ಕೆಲಸ. ಹೆಂಡತಿಯ ಓದನ್ನು ಕೇಳಲು ಅವನಿಗೆ ಗ್ರಂಥಾಲಯಕ್ಕೆ ಹೋಗಬೇಕಾಗಿರಲಿಲ್ಲ, ಬಚ್ಚಲಲ್ಲಿದ್ದರೂ ಕೇಳುತ್ತಿತ್ತು.

ವರ್ಷ ಕಳೆಯುವಷ್ಟರಲ್ಲಿ ಮೂರು ಜನ ಇಪ್ಪತ್ತೆರಡಾದರು. ಕುರ್ಚಿ ಸಾಲದೆ ಕೆಲವರು ಮನೆಯಿಂದ ಸ್ಟೂಲು ತಂದರು. ಆಗ ಗ್ರಂಥಪಾಲಕರು ಕೈಗೆ ಕೊಟ್ಟದ್ದು ಇಟ್ಟಿಗೆಯಂಥ ಕಾದಂಬರಿ. ಜಗಳವಾಡಿ ಮನೆ ಬಿಟ್ಟು ಹೋದ ತಂಗಿಯನ್ನು ಅಣ್ಣನೊಬ್ಬ ಊರೂರು ಹುಡುಕುವ ಕಥೆ. ವಾರಕ್ಕೊಂದು ಅಧ್ಯಾಯ. ಮೈಕಕ್ಕ ತನಗೊಂದು ನಿಯಮ ಹಾಕಿಕೊಂಡಿದ್ದಳು: ಆ ವಾರದ ಪುಟ ಬಿಟ್ಟು ಮುಂದಕ್ಕೆ ತಿರುವಿಯೂ ನೋಡುವುದಿಲ್ಲ. ಮುಂದೇನು ಎಂದು ಯಾರು ಗೋಗರೆದರೂ, "ನನಗೂ ಗೊತ್ತಿಲ್ಲ," ಎನ್ನುವಳು. ಜನ ನಂಬುತ್ತಿರಲಿಲ್ಲ.

ಕಥೆ ಕೊನೆಗೆ ಬರುವ ಹೊತ್ತಿಗೆ ಡ್ರೈವರಣ್ಣನ ಕಣ್ಣಿನ ಆಪರೇಷನ್ನು ನಿಗದಿಯಾಯಿತು, ಅದೂ ಸೋಮವಾರ. ಆಗೆಲ್ಲ ನಾಲ್ಕು ದಿನ ಪಟ್ಟಿ ಕಟ್ಟಿಕೊಂಡು ಆಸ್ಪತ್ರೆಯಲ್ಲೇ ಮಲಗಬೇಕಿತ್ತು.

"ನಾನು ಬರೋವರೆಗೂ ನಿಲ್ಲಿಸಿ," ಎಂದು ಅವನು ಪಟ್ಟು ಹಿಡಿದ. ಇಪ್ಪತ್ತೊಂದು ಜನ ಒಪ್ಪಲಿಲ್ಲ. ಟೀಚರಮ್ಮನಂತೂ, "ನಿನ್ನ ಕಣ್ಣಿಗೆ ಪಟ್ಟಿ ಕಟ್ಟಿದ್ರೆ ನಮ್ಮ ಕಿವಿಗೆ ಯಾಕೆ ಹತ್ತಿ?" ಎಂದುಬಿಟ್ಟರು.

ಆ ಮಂಗಳವಾರ ಮೈಕಕ್ಕ ಮೂರಕ್ಕೆ ಹಿಂದಿನ ಕೋಣೆಯಲ್ಲಿ ಓದಿದಳು. ಅಣ್ಣ ತಂಗಿಯ ಬಾಗಿಲಿಗೆ ಬಂದು ತಟ್ಟುವಲ್ಲಿಗೆ ಅಧ್ಯಾಯ ನಿಂತಿತು. ಐದಕ್ಕೆ ಅದೇ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಆಸ್ಪತ್ರೆಗೆ ಹೋದಳು. ವಾರ್ಡಿನಲ್ಲಿ ಎಂಟು ಮಂಚ, ಎಂಟರಲ್ಲೂ ಕಣ್ಣಿಗೆ ಪಟ್ಟಿ ಕಟ್ಟಿದವರು. ಡ್ರೈವರಣ್ಣನ ತಲೆಯ ಹತ್ತಿರ ಕೂತು ಮೊದಲ ಸಾಲು ಓದುತ್ತಿದ್ದಂತೆ ನರ್ಸಮ್ಮ ಓಡಿ ಬಂದರು.

"ಇದೇನು ಆಸ್ಪತ್ರೆನಾ, ಸಂತೆನಾ? ಮೆಲ್ಲಗೆ ಓದಿ."

"ಬೇಡ," ಎಂದಿತು ಮೂಲೆಯ ಮಂಚ. "ಈ ಕಡೆಗೂ ಕೇಳ್ಸಲಿ."

ನರ್ಸಮ್ಮ ಗೊಣಗುತ್ತ ಹೋದರು. ಸ್ವಲ್ಪ ಹೊತ್ತಿಗೆ ಒಂದು ಹೊರೆ ದುಪ್ಪಟಿ ತಂದು ಅಲ್ಲೇ ನಿಂತು ಮಡಿಸತೊಡಗಿದರು. ಮಡಿಸಿದ್ದನ್ನು ಬಿಡಿಸಿ ಮತ್ತೆ ಮಡಿಸಿದರು. ಅಧ್ಯಾಯ ಮುಗಿಯಿತು.

"ಬಾಗಿಲು ತೆಗೀತಾಳೋ ಇಲ್ವೋ, ಅದೊಂದು ಹೇಳಿ ಹೋಗಮ್ಮ," ಎಂದಿತು ಮೂಲೆಯ ಮಂಚ. "ನನ್ನ ನಾಳೆ ಮನೆಗೆ ಕಳಿಸ್ತಾರೆ."

"ನನಗೂ ಗೊತ್ತಿಲ್ಲ ಅಣ್ಣ."

"ಗೊತ್ತು ಮಾಡ್ಕೊಳ್ಳಿ ಮತ್ತೆ," ಎಂದವರು ನರ್ಸಮ್ಮ.

ನಿಯಮ ಮುರಿದದ್ದು ಅಂದೇ. ಅವಳು ಪುಟ ತಿರುವಿದಳು. ತಂಗಿ ಬಾಗಿಲು ತೆಗೆಯುವುದಿಲ್ಲ. ಬಾಗಿಲ ಹಿಂದೆಯೇ ನಿಂತು, ಊಟ ಆಯ್ತಾ ಅಣ್ಣ ಎಂದು ಕೇಳುತ್ತಾಳೆ. ಅಲ್ಲಿ ಮೈಕಕ್ಕನ ದನಿ ಒಡೆಯಿತು. ಪಟ್ಟಿ ಕಟ್ಟಿದ ಕಣ್ಣಲ್ಲಿ ಅಳಬಾರದೆಂದು ನರ್ಸಮ್ಮ ಎಂಟು ಮಂಚಕ್ಕೂ ಬುದ್ಧಿ ಹೇಳುತ್ತ ತಾವೇ ಮೂಗು ಒರೆಸಿಕೊಂಡರು.

ಡ್ರೈವರಣ್ಣ ಮನೆಗೆ ಬಂದ ಮೇಲೆ ಮುಂದಿನ ಮಂಗಳವಾರದವರೆಗೆ ಕಥೆ ಏನಾಯಿತೆಂದು ಬಾಯಿ ಬಿಡಲಿಲ್ಲ. ಸುಮ್ಮನೆ ಮೀಸೆಯಡಿ ನಗುತ್ತ ಕೂತಿದ್ದ. ಇಪ್ಪತ್ತೊಂದು ಜನರ ಹೊಟ್ಟೆ ಉರಿಸಲು ಅಷ್ಟು ಸಾಕಾಗಿತ್ತು. ದೃಷ್ಟಿ ಮರಳಿ ಪತ್ರಿಕೆಯನ್ನು ತಾನೇ ಓದುವಂತಾದರೂ ಅವನು ಮಂಗಳವಾರ ಬಿಡಲಿಲ್ಲ.

ಹೀಗೆ ಹತ್ತೊಂಬತ್ತು ವರ್ಷ. ಎಷ್ಟು ಪುಸ್ತಕ ಮುಗಿಯಿತೆಂದು ಅವಳು ಲೆಕ್ಕ ಇಡಲಿಲ್ಲ. ಟೀಚರಮ್ಮನಿಗೆ ಕೊನೆಗೆ ಮೆಟ್ಟಿಲು ಹತ್ತಲು ಆಗದಾದಾಗ ಭಾನುವಾರ ಅವರ ಮನೆಗೇ ಹೋಗಿ ಓದಿದಳು. ಒಂದು ಭಾನುವಾರ ಅರ್ಧ ಗಂಟೆ ಕಳೆದರೂ ಅವರ ಕೈ ಮೇಲೇಳಲಿಲ್ಲ. ಇವಳು ಬೇಕೆಂದೇ ಒಂದು ಹಕಾರ ನುಂಗಿದಳು. ಆಮೇಲೆ ಒಂದು ಒತ್ತಕ್ಷರ ಬಿಟ್ಟಳು. ಟೀಚರಮ್ಮ ಅವಳ ಮುಖವನ್ನೇ ನೋಡುತ್ತ, "ಚೆನ್ನಾಗಿ ಓದ್ತಿದೀಯ," ಎಂದರು. ಕೇಳುತ್ತಿರಲಿಲ್ಲ ಅವರಿಗೆ. ಅವಳು ಪುಸ್ತಕವನ್ನು ಮುಚ್ಚದೆ ಕೊನೆಯ ಪುಟದವರೆಗೂ ಓದಿ, ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತಳು.

ನಿವೃತ್ತಿಯಾದ ಮೇಲೆ ಮೂರು ವರ್ಷ ಅವಳು ಆ ಕಡೆ ಸುಳಿಯಲಿಲ್ಲ. ಮಂಗಳವಾರ ಮಧ್ಯಾಹ್ನ ಬೇಕೆಂದೇ ಮನೆಯ ಕಪಾಟು ಒರೆಸುವ ಕೆಲಸ ಹಚ್ಚಿಕೊಳ್ಳುತ್ತಿದ್ದಳು. ಮಗಳು ಈಗ ಗ್ರಂಥಾಲಯವಿರುವ ಬಡಾವಣೆಯ ಶಾಲೆಯಲ್ಲಿ ಕಲಿಸುತ್ತಾಳೆ. ಒಂದು ದಿನ ಅವಳೇ ಹೇಳಿದಳು.

"ಅಮ್ಮ, ಓದು ಇನ್ನೂ ನಡೀತಿದೆ. ಅಂಚೆ ಕಚೇರೀಲಿದ್ದ ಒಬ್ರು ಓದ್ತಾರಂತೆ. ಒಂದ್ಸಲ ಹೋಗಿ ಬಾ."

ಹೋಗುವಾಗ ಅವಳ ಮನಸ್ಸಿನಲ್ಲಿದ್ದದ್ದು ತಪ್ಪು ಹುಡುಕುವ ಆಸೆಯೇ. ಹಿಂದಿನ ಕೋಣೆಗೆ ಬಣ್ಣ ಬಳಿದಿದ್ದರು. ಕೂತವರಲ್ಲಿ ಗುರುತಿನವರು ಯಾರೂ ಇರಲಿಲ್ಲ. ಅಂಚೆಯವರು ಕನ್ನಡಕ ಸರಿಮಾಡಿಕೊಂಡು ಶುರು ಮಾಡಿದರು: ದೋಣಿಯಲ್ಲಿ ಮೂಟೆ ದಾಟಿಸುವ ಒಬ್ಬ ವಿಧವೆಯ ಕಥೆ. ಮೊದಲ ಪುಟದಲ್ಲಿ ಮೈಕಕ್ಕ ಮೂರು ತಪ್ಪು ಹಿಡಿದು ಬೆರಳು ಮಡಿಸಿದಳು. ಎರಡನೆಯ ಪುಟದಲ್ಲಿ ಬೆರಳು ಮಡಿಸುವುದು ಮರೆತುಹೋಯಿತು. ನದಿ ಏರುತ್ತಿತ್ತು, ಹೆಂಗಸು ಹುಟ್ಟು ಹಾಕುತ್ತಿದ್ದಳು. ಹುಟ್ಟಿದಾಗಿನಿಂದ ತನಗೆ ಯಾರೂ ಕಥೆ ಓದಿ ಹೇಳಿರಲಿಲ್ಲ ಎಂಬುದು ಅಲ್ಲಿ ಕೂತಾಗಲೇ ಅವಳಿಗೆ ಹೊಳೆದದ್ದು. ನಾಲ್ಕು ಗಂಟೆಗೆ ಅಂಚೆಯವರು ಪುಸ್ತಕ ಮುಚ್ಚಿದರು. ದೋಣಿ ಇನ್ನೂ ನಡುನೀರಿನಲ್ಲಿತ್ತು.

ಮನೆಗೆ ಬಂದಾಗ ಮಗಳು ಬಾಗಿಲಲ್ಲೇ ಕೇಳಿದಳು, "ಹೇಗೆ ಓದ್ತಾರೆ?"

"ಓದೋದು ಬಿಡು," ಎಂದಳು ಅವಳು, ಚಪ್ಪಲಿ ಬಿಡುತ್ತ. "ಆ ಹೆಂಗಸು ಒಬ್ಬಳೇ ಹೇಗೆ ದಡ ಸೇರ್ತಾಳೋ. ಇನ್ನೂ ಏಳು ದಿನ ಇದೆ."