ತಟ್ಟೆಯಕ್ಕ ಎತ್ತಿದ ನೋಟು

ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಆ ಬಫೆ ಹೋಟೆಲಿಗೆ ಹೊಸದಾಗಿ ಹೋದವರು ಹೆದರುವುದು ಬಿಲ್ಲಿಗಲ್ಲ, ಅವಳಿಗೆ. ಮೇಜುಗಳ ನಡುವೆ ಹುಬ್ಬು ಗಂಟಿಕ್ಕಿ ನಿಂತು ಒಂದೊಂದು ತಟ್ಟೆಯನ್ನೂ ದುರುಗುಟ್ಟಿ ನೋಡುವ ಈ ಹೆಂಗಸು ಮಾಲೀಕನ ಅತ್ತೆಯೇ ಇರಬೇಕು, ಯಾರು ಎಷ್ಟು ಸಲ ಎದ್ದು ಹೋಗಿ ಬಡಿಸಿಕೊಂಡರೆಂದು ಕಣ್ಣಿಡಲು ನಿಲ್ಲಿಸಿದ್ದಾರೆ ಎಂದು ಇದನ್ನು ಬರೆದವನೂ ಬಹಳ ದಿನ ನಂಬಿದ್ದ. ಮೂರನೆಯ ಸಲ ಏಳಲು ಧೈರ್ಯವಾಗದೆ, ಪೂರ್ತಿ ದುಡ್ಡು ಕೊಟ್ಟು ಅರ್ಧ ಹೊಟ್ಟೆಯಲ್ಲಿ ಮೆಟ್ಟಿಲಿಳಿದದ್ದೂ ಉಂಟು. ಆಮೇಲೆ ತಿಳಿಯಿತು: ಅವಳು ನೋಡುತ್ತಿದ್ದದ್ದು ತಿನ್ನುವವರನ್ನಲ್ಲ, ಚಮಚವನ್ನು. ಚಮಚ ತಟ್ಟೆಯೊಳಗೆ ನೇರ ಮಲಗಿತೋ, ಊಟ ಮುಗಿಯಿತು, ಎತ್ತಬಹುದು. ಅಂಚಿಗೆ ಒರಗಿ ಕೂತಿತೋ, ಆಸಾಮಿ ಇನ್ನೂ ಬಿಟ್ಟಿಲ್ಲ. ಅವಳು ಯಾರ ಅತ್ತೆಯೂ ಅಲ್ಲ, ಎಂಜಲು ತಟ್ಟೆ ಎತ್ತುವವಳು. ಹನ್ನೊಂದು ವರ್ಷದಿಂದ ಎತ್ತುತ್ತಿದ್ದಾಳೆ. ಎಲ್ಲರ ಬಾಯಲ್ಲೂ ತಟ್ಟೆಯಕ್ಕ.

ಆದರೆ ಮುಖದ ಮೇಲಿನ ಸಿಟ್ಟು ಸುಳ್ಳಲ್ಲ. ಅದು ಹುಟ್ಟಿನಿಂದ ಬಂದದ್ದೂ ಅಲ್ಲ, ದುಡಿದು ಸಂಪಾದಿಸಿದ್ದು. ಬಫೆಗೆ ಬಂದವರು ಒಂದು ತಟ್ಟೆಯಲ್ಲಿ ಉಂಡು ಏಳುವ ಪೈಕಿಯಲ್ಲ. ಸೂಪಿಗೊಂದು, ಹಸಿ ತರಕಾರಿಗೊಂದು, ಅನ್ನಕ್ಕೊಂದು, ಅನ್ನ ಯಾಕೋ ಬೇಡವೆನಿಸಿ ಬ್ರೆಡ್ಡಿಗೊಂದು, ಕೇಕಿಗೊಂದು, ಕೇಕು ಪರವಾಗಿಲ್ಲ ಎಂದು ಇನ್ನೊಂದು. ಹಳೆಯ ತಟ್ಟೆ ಕರ್ಪೂರದಂತೆ ತಾನಾಗಿ ಕರಗಿಹೋಗುತ್ತದೆಂದು ಎಲ್ಲರ ನಂಬಿಕೆ. ಹೊರಡುವಾಗ ಹಲ್ಲು ಚುಚ್ಚಿಕೊಳ್ಳುತ್ತ ಹೇಳುತ್ತಾರೆ: “ಎಲ್ಲಾ ನಾವೇ ಮಾಡ್ಕೊಂಡ್ವಲ್ಲ, ಇನ್ನು ಟಿಪ್ಸ್ ಯಾತಕ್ಕೆ?”

ಕೊಡದವರನ್ನು ಹೇಗೋ ಸಹಿಸಬಹುದು. ಸಹಾಯ ಮಾಡುವ ಧರ್ಮಾತ್ಮರಿದ್ದಾರಲ್ಲ, ಅವರನ್ನು ಸಹಿಸುವುದು ಕಷ್ಟ. “ಪಾಪ, ಕೆಲಸ ಹಗುರ ಮಾಡೋಣ” ಎಂದು ತಿಂದು ಬಿಟ್ಟದ್ದರ ಮೇಲೆಯೇ ತಟ್ಟೆಗೆ ತಟ್ಟೆ ಪೇರಿಸುತ್ತಾರೆ, ಕೈ ಒರೆಸಿದ ಕಾಗದವನ್ನು ಲೋಟಕ್ಕೆ ತುರುಕುತ್ತಾರೆ, ಟಿಪ್ಸಿನ ಬದಲು ಒಂದು ಮುಗುಳ್ನಗೆ ಇಟ್ಟು ಹೋಗುತ್ತಾರೆ. ತಟ್ಟೆಯ ಮೇಲಷ್ಟೇ ಇದ್ದ ಜಿಡ್ಡು ಅಡಿಗೂ ಮೆತ್ತಿಕೊಂಡಿರುತ್ತದೆ. ಒಳಗೆ ಬಿಸಿನೀರಿನ ತೊಟ್ಟಿಯ ಮುಂದೆ ನಿಂತು ತೊಳೆಯುವವಳು ತಟ್ಟೆಯಕ್ಕನ ಸ್ವಂತ ನಾದಿನಿ. ಅಂಥ ಕಟ್ಟು ಕಂಡರೆ ಅವಳು ಕೂಗುತ್ತಾಳೆ: “ಅತ್ತಿಗೆ, ಯಾರೋ ಪುಣ್ಯವಂತರು ಬಂದಂಗಿದೆ. ತಟ್ಟೆ ಬೆನ್ನಿಗೂ ಊಟ ಮಾಡ್ಸಿದಾರೆ!”

ಅಲ್ಲಿ ಹಳೆಯದೊಂದು ಕಟ್ಟಳೆ ಇತ್ತು. ಬಿಲ್ಲಿನ ಮಡಿಕೆಯೊಳಗೆ ಇಟ್ಟದ್ದು ಬಿಲ್ಲು ತರುವ ಕೋಟಿನವನಿಗೆ. ಮೇಜಿನ ಮೇಲೆ ಬಿಟ್ಟದ್ದು ಎತ್ತುವವಳಿಗೂ ತೊಳೆಯುವವಳಿಗೂ ಸಮಪಾಲು. ಕೋಟಿನವನು ಮಾಡುವುದು ಒಂದು ಕಾಗದ ಹೊತ್ತು ತರುವ ಕೆಲಸ, ಆದರೆ ಕೋಟಿಗೆ ಕೋಟಿನ ಗೌರವ.

ಇನ್ನು ಸಾಹೇಬರ ವಿಚಾರ. ಯಾವುದೋ ಕಚೇರಿಯಲ್ಲಿ ದೊಡ್ಡ ಕುರ್ಚಿಯಲ್ಲಿದ್ದು ನಿವೃತ್ತರಾದವರು. ಕುರ್ಚಿ ಬಿಟ್ಟಿದ್ದರೂ ಅದರ ದನಿ ಬಿಟ್ಟಿರಲಿಲ್ಲ. ಪ್ರತಿ ಭಾನುವಾರ ಮಧ್ಯಾಹ್ನ ಕಿಟಕಿ ಪಕ್ಕದ ಮೇಜು. ಉಂಡು ಮುಗಿಸಿದ ಮೇಲೆ ಅವರದೊಂದು ಆಟ. ಬಲ ಜೇಬಿನಿಂದ ಗರಿಗರಿ ನೋಟೊಂದನ್ನು ತೆಗೆದು ತಟ್ಟೆಯ ಪಕ್ಕ ಇಡುವರು. ಎದ್ದು ನಿಂತು, ಅಕ್ಕಪಕ್ಕದ ಮೇಜಿಗೂ ಕೇಳುವಂತೆ ಶುರು ಮಾಡುವರು: “ತಟ್ಟೆ ತಂದೋರ್ಯಾರು? ನಾನು. ಬಡಿಸಿದೋರ್ಯಾರು? ನಾನು. ಹಾಗಾದ್ರೆ ಟಿಪ್ಸ್ ಯಾರಿಗೆ ಸೇರ್ಬೇಕು? ನನಗೆ!” ನೋಟನ್ನು ಎತ್ತಿ, ತಮಗೆ ತಾವೇ ತಲೆ ಬಾಗಿಸಿ “ಥ್ಯಾಂಕ್ಯೂ ಸರ್!” ಎಂದು ಎಡ ಜೇಬಿಗೆ ಸೇರಿಸುವರು. ಕಂಡವರು ನಗುತ್ತಿದ್ದರು. ಅವರ ಹೆಂಡತಿಯೂ ಮೊದಲ ಸಲ ನಕ್ಕಿದ್ದರು, ಈಗೀಗ ಸರಿಯಾಗಿ ಆ ಹೊತ್ತಿಗೆ ಕೈಚೀಲದಲ್ಲಿ ಏನನ್ನೋ ಹುಡುಕುತ್ತಾರೆ.

ಆಗೆಲ್ಲ ತಟ್ಟೆಯಕ್ಕ ಎರಡು ಮಾರು ದೂರದಲ್ಲಿ, ಮೊಳಕೈವರೆಗೆ ಅವರದೇ ಎಂಜಲು ತಟ್ಟೆ ಪೇರಿಸಿಕೊಂಡು ನಿಂತಿರುತ್ತಿದ್ದಳು. ನೋಟಿಗಾಗಿ ಅವಳ ಹೊಟ್ಟೆ ಉರಿಯುತ್ತಿರಲಿಲ್ಲ. ತಂದವರು ಯಾರು, ಬಡಿಸಿದವರು ಯಾರು ಎಂದೆಲ್ಲ ಊರಿಗೇ ಸಾರುವ ಈ ಮಹಾನುಭಾವರಿಗೆ ಎತ್ತಿದವರು ಯಾರೆಂಬ ಪ್ರಶ್ನೆಯೇ ಹೊಳೆಯುತ್ತಿರಲಿಲ್ಲವಲ್ಲ, ಅದಕ್ಕೆ. ಇಲ್ಲ ಅಂದರೆ ಇಲ್ಲ ಅನ್ನಲಿ. ಎದುರಿಗೆ ನಿಂತವಳನ್ನು ಕಂಬ ಮಾಡಿ, ಆ ಕಂಬದ ಮುಂದೆ ನಾಟಕ ಆಡುವುದೆಂದರೇನು?

ಆ ಭಾನುವಾರ ಸಾಹೇಬರು ಬೀಗರನ್ನು ಕರೆತಂದಿದ್ದರು. ಮಗಳನ್ನು ಕೊಟ್ಟ ಮನೆಯವರು, ಮೊದಲ ಸಲದ ಭೇಟಿ. ಊಟ ಮುಗಿಯಿತು. “ಈಗೊಂದು ತಮಾಷೆ ನೋಡಿ” ಎಂದು ಸಾಹೇಬರು ನೋಟು ಹೊರಗೆ ತೆಗೆದು ಇಟ್ಟರು. ಬೀಗಿತ್ತಿ ಕೇಳಿದರು, “ಏನ್ ಬೀಗರೇ ಅದು?”

“ಟಿಪ್ಸು” ಎಂದು ಕಣ್ಣು ಮಿಟುಕಿಸಿ ಸಾಹೇಬರು ಎದ್ದು ನಿಂತರು. ಅಷ್ಟರಲ್ಲಿ ಆಚೆ ಕಡೆ ಐಸ್‌ಕ್ರೀಮಿನ ಹೊಸ ಡಬ್ಬ ತೆರೆದರು. ಸಾಹೇಬರ ಕಣ್ಣು ಅತ್ತ ಹೋಯಿತು, ಕಾಲು ಹಿಂಬಾಲಿಸಿತು, ಬೀಗರ ಪರಿವಾರ ಕಾಲನ್ನು ಹಿಂಬಾಲಿಸಿತು. ಮೇಜು ಖಾಲಿ.

ತಟ್ಟೆಯಕ್ಕ ಬಂದಳು. ಚಮಚ ತಟ್ಟೆಯೊಳಗೆ ಅಳತೆ ಹಿಡಿದಂತೆ ನೇರ ಮಲಗಿತ್ತು. ಪಕ್ಕದಲ್ಲಿ ನೋಟು. ಅದು ಯಾವ ನೋಟು, ಯಾವ ಜೇಬಿಗೆ ಹೋಗುವಂಥದ್ದು ಎಂದು ಅವಳಿಗೆ ಗೊತ್ತಿಲ್ಲದೆ ಏನು? ಕೈ ಒಂದು ಕ್ಷಣ ತಡೆಯಿತು. ಆಮೇಲೆ ತಡೆಯಲಿಲ್ಲ.

ಐಸ್‌ಕ್ರೀಮ್ ಹಿಡಿದು ಬಂದ ಸಾಹೇಬರು ಒರೆಸಿ ಹೊಳೆಯುತ್ತಿದ್ದ ಮೇಜನ್ನು ಕಂಡು ಬೊಬ್ಬೆ ಹಾಕಿದರು. “ಏಯ್! ನನ್ನ ದುಡ್ಡೆಲ್ಲಿ? ಮ್ಯಾನೇಜರ್! ಕಳ್ಳೀನ ಇಟ್ಕೊಂಡಿದೀರೇನ್ರೀ ಇಲ್ಲಿ?”

ಇಡೀ ಹೋಟೆಲು ತಿರುಗಿ ನೋಡಿತು. ಒಳಗೆ ನಲ್ಲಿಯ ಸದ್ದು ಗಕ್ಕನೆ ನಿಂತಿತು. ನಾದಿನಿ ಕಿವಿಗೊಟ್ಟಿದ್ದಾಳೆಂದೇ ಅರ್ಥ, ಸಂಜೆಯೊಳಗೆ ಈ ಮಾತು ಮನೆ ಹೊಕ್ಕಿರುತ್ತದೆ. ತಟ್ಟೆಯಕ್ಕ ಹೆದರಿದ್ದು ತನಗಾಗಿ ಅಲ್ಲ. ಮಗಳು ಔಷಧಿ ಅಂಗಡಿಯ ಗಲ್ಲಾದಲ್ಲಿ ಕೂರುವ ಕೆಲಸಕ್ಕೆ ಸೇರಿ ಹದಿನೈದು ದಿನವಾಗಿತ್ತು. ‘ಅವಳ ತಾಯಿಯ ಕೈ ಸರಿಯಿಲ್ಲವಂತೆ’ ಎಂಬ ಒಂದು ಪಿಸುಮಾತು ಸಾಕು, ಹುಡುಗಿ ಮನೆಗೆ ಬಂದು ಕೂರಲು.

ಮ್ಯಾನೇಜರ್ ಟೈ ಸರಿಮಾಡಿಕೊಳ್ಳುತ್ತ ಓಡಿ ಬಂದ. ವಿಷಯ ಏನೆಂದು ಕೇಳುವ ಮೊದಲೇ ಕ್ಷಮೆ ಕೇಳುವುದು ಅವನ ಅಭ್ಯಾಸ. “ಸಾರಿ ಸರ್, ಸಾರಿ. ಅಕ್ಕ, ಕೊಟ್ಬಿಡು. ತಪ್ಪಾಯ್ತು ಅನ್ನು. ಇಲ್ಲಾಂದ್ರೆ ನಾಳೆಯಿಂದ ಬರೋದೇ ಬೇಡ.”

ತಟ್ಟೆಯಕ್ಕ ನೋಟನ್ನು ಹೊರತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. “ಬಚ್ಚಿಟ್ಟಿಲ್ಲ ಸಾರ್, ಇಲ್ಲೇ ಇದೆ. ಮೇಜಿನ ಮೇಲೆ ಇಟ್ಟಿದ್ರು, ಚಮಚ ಒಳಗಿತ್ತು, ಎತ್ತಿದೆ. ಇದು ಯಾರಿಗೆ ಅಂತ ಇಟ್ಟಿದ್ದು, ಅವ್ರೇ ಬಾಯಿ ಬಿಟ್ಟು ಹೇಳ್ಲಿ. ಅವರ ಕೈಗೇ ಕೊಡ್ತೀನಿ.”

“ಟಿಪ್ಸ್ ಅಂದ್ರಲ್ಲ ಬೀಗರೇ?” ಎಂದರು ಬೀಗಿತ್ತಿ, ಮುಗ್ಧವಾಗಿ. “ನಾನೇ ಕೇಳಿದ್ನಲ್ಲ.”

“ಟಿಪ್ಸೇ... ಆದರೆ...”

“ಯಾರಿಗೆ ಸರ್?” ಎಂದ ಮ್ಯಾನೇಜರ್.

ಎಷ್ಟೋ ಭಾನುವಾರ ನಗೆಯ ಅಲೆ ಎಬ್ಬಿಸಿದ ಆ ಒಂದು ಮಾತು, ‘ನನಗೆ’, ಈಗ ಸಾಹೇಬರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಅಡ್ಡ ಸಿಕ್ಕಿಕೊಂಡಿತು. ಬೀಗರು ಕಾಯುತ್ತಿದ್ದರು. ಐಸ್‌ಕ್ರೀಮ್ ಕರಗಿ ಮುಂಗೈ ಮೇಲೆ ಹರಿಯಿತು. ಹೆಂಡತಿ ಕೈಚೀಲದಿಂದ ತಲೆ ಎತ್ತಿ, “ರೀ, ಸಾಕು” ಎಂದರು.

ಇತ್ತ ಎತ್ತುವವಳ ಕೆಲಸ ನಿಂತು ಹತ್ತು ನಿಮಿಷವಾಗಿತ್ತು. ಹೋಟೆಲಿನ ತುಂಬ ಎಂಜಲು ತಟ್ಟೆ. ಬಾಗಿಲಲ್ಲಿ ಜಾಗಕ್ಕೆ ಕಾದವರ ಗೊಣಗಾಟ, ಯಾರದೋ ಮಗು ಇನ್ಯಾರದೋ ಕೇಕಿಗೆ ಕೈ ಹಾಕಿತ್ತು. ಮ್ಯಾನೇಜರ್ ತಾನೇ ಒಂದು ಕಟ್ಟು ಎತ್ತಲು ಹೋದ. ನಡುವಿನ ತಟ್ಟೆ ಜಾರಿ, ತಣ್ಣಗಾದ ಸೂಪು ಟೈ ಹಿಡಿದು ಕೆಳಗಿಳಿಯಿತು. ಹನ್ನೊಂದು ವರ್ಷದಲ್ಲಿ ಅರ್ಥವಾಗದ್ದು ಅವನಿಗೆ ಆ ಗಳಿಗೆಯಲ್ಲಿ ಅರ್ಥವಾಯಿತು.

“ನೋಟು ನಿಂದೇ, ಇಟ್ಕೋ. ನಾಳೇನೂ ಬಾ, ನಾಡಿದ್ದೂ ಬಾ. ಮೊದಲು ಆ ಮೇಜು ನೋಡು ಹೋಗಕ್ಕ, ನಿನ್ನ ದಮ್ಮಯ್ಯ!”

ಅವಳು ಕದಲಲಿಲ್ಲ. “ಕಳ್ಳಿ ಅಂದ್ರಲ್ಲ, ಅದನ್ನ ಇಲ್ಲೇ ವಾಪಸ್ ತಗೊಳ್ಳಲಿ. ಅಂದಷ್ಟೇ ಜೋರಾಗಿ.”

ಸಾಹೇಬರು ಬೀಗರ ಮುಖ ನೋಡಿದರು. ಅಲ್ಲಿ ರಕ್ಷಣೆ ಇರಲಿಲ್ಲ. “ಆಯ್ತಮ್ಮ, ಕಳ್ಳಿ ಅಲ್ಲ” ಎಂದರು. “ಜೋರಾಗಿ” ಎಂದಳು. “ಕಳ್ಳಿ ಅಲ್ಲ!” ಎಂದರು. ಒಳಗೆ ನಲ್ಲಿ ಮತ್ತೆ ಸುರಿಯತೊಡಗಿತು.

ಆದರೆ ಕೊನೆಯ ಮಾತು ತಮ್ಮದಾಗದೆ ಎದ್ದು ಹೋದ ಸಭೆ ಸಾಹೇಬರ ಜನ್ಮದಲ್ಲೇ ಇರಲಿಲ್ಲ. ಕರವಸ್ತ್ರದಲ್ಲಿ ಮುಂಗೈ ಒರೆಸಿಕೊಳ್ಳುತ್ತ, ಕುರ್ಚಿಯ ದನಿಯನ್ನು ಮತ್ತೆ ಹುಡುಕಿ ತಂದು ಕೇಳಿದರು: “ಅದೆಲ್ಲ ಇರ್ಲಿ. ಎಲ್ಲಾ ನಾವೇ ಮಾಡ್ಕೊಳ್ಳೋ ಹೋಟೆಲಲ್ಲಿ ನೀನು ಮಾಡೋ ಕೆಲಸ ಆದ್ರೂ ಏನು?”

ತಟ್ಟೆಯಕ್ಕ ಪಕ್ಕದ ಮೇಜಿನ ತಟ್ಟೆಗಳನ್ನು ತೋಳಿಗೇರಿಸಿಕೊಂಡು ಹೇಳಿದಳು:

“ಹೋದ ವಾರ ನೀವು ಬಿಟ್ಟ ಎಂಜಲು ಈ ವಾರ ನಿಮ್ಮ ಮುಂದೆ ಇರದ ಹಾಗೆ ನೋಡ್ಕೊಳ್ಳೋದು, ಸ್ವಾಮಿ.”